ಸಾರು, ಕಾರು ಮತ್ತು ಬಡಿಗೇರ ಮಾಸ್ತರು

ಹುಬ್ಬಳ್ಳಿಯ ಒಂದು ಕಲ್ಯಾಣಮಂಟಪ. ಊಟದ ಹೊತ್ತು. ಪಕ್ಕದಲ್ಲಿ ಕೂತಿದ್ದ ಎಪ್ಪತ್ನಾಲ್ಕರ ನಮ್ಮ ಕಾಕಾ ಮೊಣಕೈಯಿಂದ ನನ್ನನ್ನು ತಿವಿದರು. "ಅಲ್ನೋಡು, ಆ ಕಂಬದ ಹತ್ರ ಕುಂತಾರಲ್ಲ, ಅವರು ನಮ್ಮ ಮಗ್ಗಲ ಮನ್ಯಾಗ ಇದ್ರು. ಮಾಸ್ತರು. ಅಂಗಳದಾಗ ಪೇರಲ ಗಿಡ ಇತ್ತು. ಲ್ಯಾಂಬ್ರೆಟಾ ಗಾಡಿ ಇಟ್ಟಿದ್ರು. ಹೆಸರು ನಾಲಿಗಿ ತುದಿಗೆ ಐತಿ, ಬರವಲ್ದು."

ನಾನು ನೆರವಿಗೆ ಧಾವಿಸಿದೆ. "ಕುಲಕರ್ಣಿ? ದೇಸಾಯಿ? ಪಾಟೀಲ?"

"ಅಲ್ಲಪಾ, ನೀ ಸುಮ್ನಿರು."

ಅಷ್ಟರಲ್ಲಿ ಬಡಿಸುವ ಹುಡುಗ ಬಕೆಟ್ಟು ಹಿಡಿದು ಬಂದ. "ಸಾರು ಹಾಕ್ಲೇನ್ರಿ ಅಜ್ಜಾರ?"

ಕಾಕಾ ತಲೆ ಎತ್ತಿ ಹೇಳಿದರು: "ಕಾರು ಹೊರಗ ನಿಂತೈತಿ."

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಹಿಂದಿನ ಸಾಲಿನಿಂದ ಯಾರೋ "ಅರಳು ಮರುಳು" ಅಂದರು. ಕಾಕಾನೂ ನಕ್ಕರು. ಆದರೆ ಎಲೆ ಎತ್ತುವವರೆಗೆ ಮತ್ತೆ ಮಾತಾಡಲಿಲ್ಲ.

ಅರವತ್ತಕ್ಕೆ ಅರಳು ಮರುಳು ಎನ್ನುವ ಗಾದೆ ಮುಪ್ಪಿನ ಎಲ್ಲ ಲಕ್ಷಣಗಳನ್ನೂ ಒಂದೇ ಗಂಟಿನಲ್ಲಿ ಕಟ್ಟಿಡುತ್ತದೆ. ಆ ಗಂಟನ್ನು ಬಿಚ್ಚಿ ನೋಡುವ ಕೆಲಸವನ್ನು ವಿಜ್ಞಾನಿಗಳು ಹತ್ತಾರು ವರ್ಷಗಳಿಂದ ಮಾಡುತ್ತಿದ್ದಾರೆ. ಹೆಸರು ಮರೆಯುವುದಕ್ಕೆ ಒಂದು ಕಾರಣ, ಸಾರು ಕಾರಾಗುವುದಕ್ಕೆ ಇನ್ನೊಂದು. ಎರಡಕ್ಕೂ ಮನಸ್ಸಿನ ನೆಮ್ಮದಿಗೂ ಸಂಬಂಧ ನಾವು ಅಂದುಕೊಂಡಂತೆ ಇಲ್ಲ.

ಹೆಸರಿಗೆ ಇರುವುದು ಒಂದೇ ದಾರ

ಮಾಸ್ತರ ಮನೆಯ ಪೇರಲ ಗಿಡ ನೆನಪಾಯಿತು, ಗಾಡಿ ನೆನಪಾಯಿತು, ಹೆಸರೊಂದು ಕೈಕೊಟ್ಟಿತು. ಯಾಕೆ? ಅಮೆರಿಕದ ಮನೋವಿಜ್ಞಾನಿಗಳಾದ ಡೆಬೋರಾ ಬರ್ಕ್, ಡೊನಾಲ್ಡ್ ಮೆಕೇ ಮತ್ತು ಅವರ ಸಂಗಡಿಗರು 1991ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಮಿದುಳಿನಲ್ಲಿ ಪದದ ಅರ್ಥ ಒಂದು ಕಡೆ ಇರುತ್ತದೆ, ಅದರ ಉಚ್ಚಾರಣೆ ಇನ್ನೊಂದು ಕಡೆ. ಎರಡನ್ನೂ ಜೋಡಿಸುವ ಕೊಂಡಿ ಬಳಕೆಯಿಲ್ಲದೆ ಸವೆಯುತ್ತದೆ, ವಯಸ್ಸಾದಂತೆ ಇನ್ನಷ್ಟು ಸವೆಯುತ್ತದೆ. ಆಗ ಅರ್ಥವೆಲ್ಲ ಎದುರಿಗೆ ನಿಂತಿದ್ದರೂ ಸದ್ದು ಮಾತ್ರ ಹೊರಡುವುದಿಲ್ಲ. ಈ ತೊಂದರೆ ಎಳೆಯರಲ್ಲೂ ಇದೆ. ವಯಸ್ಸಾದವರಲ್ಲಿ ಹೆಚ್ಚು, ಅದರಲ್ಲೂ ವ್ಯಕ್ತಿಗಳ ಹೆಸರಿನ ವಿಷಯದಲ್ಲಿ ತೀರಾ ಹೆಚ್ಚು.

1987ರಲ್ಲಿ ಬ್ರಿಟನ್ನಿನಲ್ಲಿ ನಡೆದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಅಪರಿಚಿತರ ಮುಖಗಳನ್ನು ತೋರಿಸಿ, ಪ್ರತಿಯೊಬ್ಬರ ಅಡ್ಡಹೆಸರು ಮತ್ತು ಕಸುಬನ್ನು ಕಲಿಸಿದರು. ಇಂಗ್ಲಿಷಿನಲ್ಲಿ 'ಬೇಕರ್' ಅಂದರೆ ಬ್ರೆಡ್ಡು ಮಾಡುವವನೂ ಹೌದು, ಅಡ್ಡಹೆಸರೂ ಹೌದು. ಅದೇ ಪದ ಕಸುಬಾಗಿ ಬಂದಾಗ ಜನರಿಗೆ ನೆನಪಿತ್ತು, ಹೆಸರಾಗಿ ಬಂದಾಗ ಮರೆತುಹೋಯಿತು. ನಮ್ಮ ಕಡೆಯವರಿಗೆ ಇದು ಸಲೀಸಾಗಿ ಅರ್ಥವಾಗುತ್ತದೆ. ಕಂಬಾರ, ಪತ್ತಾರ, ಬಡಿಗೇರ ಎಂಬ ಮನೆತನದ ಹೆಸರುಗಳು ಇಲ್ಲಿ ಓಣಿಗೊಂದು ಸಿಗುತ್ತವೆ. "ಈತ ಬಡಿಗ" ಎಂದರೆ ಉಳಿ, ಬಾಚಿ, ಸಾಗವಾನಿಯ ವಾಸನೆ, ಮನೆಗೆ ಕೂರಿಸಿದ ಬಾಗಿಲು ಎಲ್ಲವೂ ಒಟ್ಟಿಗೆ ಎದ್ದು ಬರುತ್ತವೆ. "ಈತ ಬಡಿಗೇರ" ಎಂದಾಗ ಬರುವುದು ಬರಿಯ ಸದ್ದು. ಕಸುಬನ್ನು ಹತ್ತು ದಾರಗಳು ಹಿಡಿದಿದ್ದರೆ ಹೆಸರನ್ನು ಹಿಡಿದಿರುವುದು ಒಂದೇ. ಅದು ತುಸು ಸಡಿಲವಾದರೂ ಹೆಸರು ಜಾರುತ್ತದೆ.

ಅಂದು ನಾನು ಮಾಡಿದ ನೆರವು ನೆರವಾಗಿರಲಿಲ್ಲ ಎಂಬುದೂ ಇದರಿಂದ ತಿಳಿಯಿತು. ಬೇರೆ ಹೆಸರುಗಳನ್ನು ಸಾಲಾಗಿ ಎಸೆದರೆ ಅವೇ ತಲೆಯಲ್ಲಿ ಠಿಕಾಣಿ ಹೂಡುತ್ತವೆ. ಬೇಕಾದ ಪದದ ಮೊದಲ ಅಕ್ಷರದ ಸದ್ದು ಹೇಗಾದರೂ ಕಿವಿಗೆ ಬಿದ್ದರೆ ಅದು ಬೇಗ ಹೊರಬರುತ್ತದೆ. ಅದೂ ಆಗದಿದ್ದರೆ ಸುಮ್ಮನೆ ಬಿಡುವುದು ಒಳ್ಳೆಯದು. ಬಹಳಷ್ಟು ಹೆಸರುಗಳು ಹುಡುಕುವುದನ್ನು ಬಿಟ್ಟ ಮೇಲೆ ತಾವಾಗಿಯೇ ಬರುತ್ತವೆ.

ಇಳಿಯುವುದು, ಏರುವುದು

ಬುದ್ಧಿ ಎಂಬುದು ಒಂದೇ ವಸ್ತುವಲ್ಲ. ರೇಮಂಡ್ ಕ್ಯಾಟೆಲ್ ಎಂಬ ಮನೋವಿಜ್ಞಾನಿ ಅದನ್ನು ಎರಡಾಗಿ ವಿಂಗಡಿಸಿದರು. ಹೊಸ ಸಮಸ್ಯೆಯನ್ನು ಚುರುಕಾಗಿ ಬಿಡಿಸುವ ಹರಿಯುವ ಬುದ್ಧಿ ಒಂದು, ಬದುಕಿನುದ್ದಕ್ಕೂ ಗಳಿಸಿ ಹರಳುಗಟ್ಟಿದ ಬುದ್ಧಿ ಇನ್ನೊಂದು. ಮೊದಲನೆಯದು ಇಪ್ಪತ್ತರ ಆಸುಪಾಸಿನಲ್ಲೇ ಶಿಖರ ಮುಟ್ಟಿ ಇಳಿಯತೊಡಗುತ್ತದೆ. ಎರಡನೆಯದು ಬಹುಕಾಲ ಬೆಳೆಯುತ್ತಲೇ ಇರುತ್ತದೆ.

ಜೋಶುವಾ ಹಾರ್ಟ್‌ಶೋರ್ನ್ ಮತ್ತು ಲಾರಾ ಜರ್ಮೈನ್ 2015ರಲ್ಲಿ ಪ್ರಕಟಿಸಿದ ಅಧ್ಯಯನ ಈ ಚಿತ್ರವನ್ನು ಇನ್ನೂ ಬಿಡಿಬಿಡಿಯಾಗಿ ತೋರಿಸಿತು. ಅಂತರ್ಜಾಲದ ಮೂಲಕ ಹತ್ತಾರು ಸಾವಿರ ಜನರನ್ನು ಪರೀಕ್ಷಿಸಿದಾಗ, ಮಾಹಿತಿಯನ್ನು ಸಂಸ್ಕರಿಸುವ ವೇಗ ಹದಿನೆಂಟು ಹತ್ತೊಂಬತ್ತಕ್ಕೇ ತುದಿ ಮುಟ್ಟಿದ್ದು ಕಂಡಿತು. ಕಣ್ಣುಗಳನ್ನು ನೋಡಿ ಎದುರಿನವರ ಮನಸ್ಸು ಊಹಿಸುವ ಶಕ್ತಿ ನಲವತ್ತು ಐವತ್ತರಲ್ಲಿ ಮೇಲಿತ್ತು. ಪದಸಂಪತ್ತು ಅರವತ್ತು ದಾಟಿದ ಮೇಲೂ ಏರುತ್ತಿತ್ತು. ಇಡೀ ಮಿದುಳಿಗೆ ಒಂದೇ ನಿವೃತ್ತಿ ವಯಸ್ಸು ಇಲ್ಲ.

ಅಮೆರಿಕದ ಸಿಯಾಟಲ್ ನಗರದಲ್ಲಿ ವಾರ್ನರ್ ಶಾಯ್ 1956ರಲ್ಲಿ ಆರಂಭಿಸಿದ ಅಧ್ಯಯನ ಇನ್ನೊಂದು ಪಾಠ ಹೇಳಿತು. ಮೂವತ್ತರವರನ್ನೂ ಎಪ್ಪತ್ತರವರನ್ನೂ ಒಂದೇ ದಿನ ಪರೀಕ್ಷೆಗೆ ಕೂರಿಸಿದರೆ ಅಳೆಯುವುದು ಬರಿಯ ವಯಸ್ಸನ್ನಲ್ಲ, ಎರಡು ತಲೆಮಾರುಗಳ ಶಾಲೆ, ಪೌಷ್ಟಿಕತೆ, ಅವಕಾಶಗಳನ್ನೂ ಅಳೆದಂತೆ. ಶಾಯ್ ಅವೇ ವ್ಯಕ್ತಿಗಳನ್ನು ಏಳು ವರ್ಷಕ್ಕೊಮ್ಮೆ ಪರೀಕ್ಷಿಸುತ್ತಾ ಹೋದರು. ಆಗ ಬಹುತೇಕ ಸಾಮರ್ಥ್ಯಗಳಲ್ಲಿ ಅರವತ್ತಕ್ಕೆ ಮೊದಲು ಹೇಳಿಕೊಳ್ಳುವಂಥ ಇಳಿಕೆ ಸಿಗಲಿಲ್ಲ. ಅಜ್ಜಿ ನಾಲ್ಕನೇ ಇಯತ್ತೆ, ಮೊಮ್ಮಗಳು ಎಂಜಿನಿಯರು ಆಗಿರುವ ನಮ್ಮ ಮನೆಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಮಾಸ್ತರ ಪಕ್ಕದ ಕುರ್ಚಿ

ಊಟವಾದ ಮೇಲೆ ಕಾಕಾ ಏನು ಮಾಡಿದರು ಗೊತ್ತೇ? ಹೊಸ ಬೀಗರು, ಬೆಂಗಳೂರಿನಿಂದ ಬಂದ ದೊಡ್ಡ ಅಧಿಕಾರಿಗಳು ಎಲ್ಲರೂ ಅಲ್ಲಿದ್ದರು. ಅವರ ಕಡೆ ತಿರುಗಿಯೂ ನೋಡದೆ ನೇರ ಕಂಬದ ಹತ್ತಿರ ಹೋಗಿ, "ಏನ್ರಿ ಮಾಸ್ತರ!" ಎನ್ನುತ್ತಾ ಕುರ್ಚಿ ಎಳೆದು ಕೂತರು. ಎರಡು ತಾಸು ಏಳಲಿಲ್ಲ. ಹೆಸರಿನ ಅಗತ್ಯವೇ ಬೀಳಲಿಲ್ಲ.

"ಯಾರ ಜೊತೀನೂ ಬೆರೆಯೋದಿಲ್ಲ" ಎಂದು ಮನೆಯವರು ಗೊಣಗಿದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲಾರಾ ಕಾರ್ಸ್ಟೆನ್ಸನ್ ಇದನ್ನು ಬೇರೆ ರೀತಿಯಲ್ಲಿ ಓದುತ್ತಾರೆ. ಮುಂದೆ ಬೇಕಾದಷ್ಟು ಕಾಲ ಇದೆ ಎಂದುಕೊಂಡವರು ಹೊಸಬರನ್ನು, ಹೊಸ ಮಾಹಿತಿಯನ್ನು ಅರಸುತ್ತಾರೆ. ಉಳಿದಿರುವ ಕಾಲ ಕಡಿಮೆ ಎಂಬ ಅರಿವು ಬಂದವರು ಮನಸ್ಸಿಗೆ ಹತ್ತಿರದವರನ್ನು ಆರಿಸಿಕೊಳ್ಳುತ್ತಾರೆ. ಕಾರ್ಸ್ಟೆನ್ಸನ್ ಕೇಳಿದ ಪ್ರಶ್ನೆ ಸರಳ: ನಿಮಗೆ ಅರ್ಧ ತಾಸು ಬಿಡುವಿದೆ. ಮನೆಯ ಆಪ್ತರು, ಈಚೆಗೆ ಪರಿಚಯವಾದವರು, ನೀವು ಓದಿದ ಪುಸ್ತಕದ ಲೇಖಕರು, ಇವರಲ್ಲಿ ಯಾರ ಜೊತೆ ಕಳೆಯುತ್ತೀರಿ? ಹಿರಿಯರು ಹೆಚ್ಚಾಗಿ ಆಪ್ತರನ್ನೇ ಆರಿಸಿದರು, ಕಿರಿಯರಲ್ಲಿ ಆ ಒಲವು ಇರಲಿಲ್ಲ.

ಇದು ಮುಪ್ಪಿನಿಂದ ಆದದ್ದೋ, ಕಾಲದ ಅರಿವಿನಿಂದ ಆದದ್ದೋ? ಉತ್ತರ ಹಾಂಗ್‌ಕಾಂಗ್‌ನಿಂದ ಬಂತು. 1997ರಲ್ಲಿ ಆ ನಗರ ಬ್ರಿಟನ್ನಿನಿಂದ ಚೀನಾಕ್ಕೆ ಹಸ್ತಾಂತರವಾಗುವ ದಿನ ಹತ್ತಿರ ಬಂದಂತೆ, ಒಂದು ಯುಗವೇ ಮುಗಿಯುತ್ತಿದೆ ಎಂಬ ಭಾವನೆಯಲ್ಲಿದ್ದ ಅಲ್ಲಿನ ಎಳೆಯರೂ ಹಿರಿಯರಂತೆಯೇ ಆಪ್ತರನ್ನು ಆರಿಸತೊಡಗಿದರು. ಹಸ್ತಾಂತರ ಮುಗಿದ ಮೇಲೆ ಮತ್ತೆ ಮೊದಲಿನಂತಾದರು.

ಈ ಆಯ್ಕೆ ನೋಟಕ್ಕೂ ನೆನಪಿಗೂ ಹಬ್ಬುತ್ತದೆ. 2003ರಲ್ಲಿ ಸೂಸನ್ ಚಾರ್ಲ್ಸ್, ಮಾರಾ ಮೇದರ್ ಮತ್ತು ಕಾರ್ಸ್ಟೆನ್ಸನ್ ಬೇರೆ ಬೇರೆ ವಯಸ್ಸಿನವರಿಗೆ ಹಿತವಾದ, ಅಹಿತವಾದ ಚಿತ್ರಗಳನ್ನು ತೋರಿಸಿ ಆಮೇಲೆ ನೆನಪು ಕೇಳಿದರು. ವಯಸ್ಸು ಏರಿದಂತೆ ಅಹಿತವಾದ ಚಿತ್ರಗಳ ಪಾಲು ಕುಗ್ಗುತ್ತಾ ಬಂತು. ಭಯ ಗುರುತಿಸುವ ಅಮಿಗ್ಡಾಲ ಎಂಬ ಭಾಗ ಮುದಿಯಾಗಿರಬಹುದೆಂದು ಅನುಮಾನಿಸಬಹುದಿತ್ತು. ಆದರೆ ಹಿತವಾದ ಚಿತ್ರ ಕಂಡಾಗ ಹಿರಿಯರ ಅಮಿಗ್ಡಾಲ ಚುರುಕಾಗಿಯೇ ಮಿಡಿಯಿತು. ಜೊತೆಗೆ ಬೇರೊಂದು ಕೆಲಸ ಕೊಟ್ಟು ಗಮನ ಹಂಚಿದರೆ ಹಿತದ ಕಡೆಗಿನ ವಾಲುವಿಕೆ ಮಾಯವಾಯಿತು. ಅಂದರೆ ಅದು ಮನಸ್ಸು ದುಡಿದು ಗಳಿಸುವ ಸಮಾಧಾನ. ಕೋವಿಡ್ ಕಾಲದಲ್ಲಿ, 2020ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಸಮೀಕ್ಷೆ ಮಾಡಿದಾಗಲೂ ಹೆಚ್ಚು ಅಪಾಯದಲ್ಲಿದ್ದ ಹಿರಿಯರೇ ಎಳೆಯರಿಗಿಂತ ನೆಮ್ಮದಿಯಿಂದಿದ್ದರು.

ಇದರ ಇನ್ನೊಂದು ಮಗ್ಗುಲೂ ಇದೆ. ಫೋಟೋದಲ್ಲಿನ ಮುಖ ತೋರಿಸಿ ಭಾವನೆ ಕೇಳಿದರೆ ಕೋಪ, ದುಃಖ, ಭಯ ಗುರುತಿಸುವುದರಲ್ಲಿ ಹಿರಿಯರು ಎಳೆಯರಿಗಿಂತ ಹೆಚ್ಚು ತಪ್ಪುತ್ತಾರೆ. ಅವರ ದೃಷ್ಟಿ ಕಣ್ಣಿಗಿಂತ ಬಾಯಿಯ ಕಡೆ ಹೆಚ್ಚು ಹೋಗುತ್ತದೆ, ಆ ಮೂರು ಭಾವಗಳಾದರೋ ಕಣ್ಣಿನಲ್ಲೇ ಹೆಚ್ಚು ಕಾಣುವಂಥವು. ಸೊಸೆ ಮಾತಿಲ್ಲದೆ ಹುಬ್ಬು ಗಂಟಿಕ್ಕಿ ಪಾತ್ರೆ ಇಟ್ಟರೆ ಮಾವನಿಗೆ ಅದು ತಿಳಿಯದೇ ಹೋಗಬಹುದು. ಬಾಯಿಬಿಟ್ಟು ಹೇಳಿದರೆ ಇಬ್ಬರಿಗೂ ಒಳ್ಳೆಯದು.

ಕಿವಿಯ ಪಾಲು

ಈಗ ಸಾರು ಕಾರಾದ ಕಥೆ. ಒಳಗಿವಿಯ ಬಸವನಹುಳುವಿನಾಕಾರದ ಅಂಗದಲ್ಲಿ ಸದ್ದು ಹಿಡಿಯುವ ಸೂಕ್ಷ್ಮ ಕೂದಲುಗಳ ಜೀವಕೋಶಗಳಿವೆ. ಬಾಗಿಲ ಬಳಿಯವು ಕೀಚಲು ಸದ್ದಿಗೆ, ಒಳಗಿನವು ದಪ್ಪ ಸದ್ದಿಗೆ. ವಯಸ್ಸಾದಂತೆ ಮೊದಲು ಸಾಯುವುದು ಬಾಗಿಲ ಬಳಿಯವು. ಮನುಷ್ಯರಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ನಮ್ಮ ಮಾತಿನಲ್ಲಿ ಸ್ವರಗಳು ದಪ್ಪ ಸದ್ದು. ಸ, ಶದಂಥ ವ್ಯಂಜನಗಳು ಕೀಚಲು. ಹಾಗಾಗಿ ಸಾರಿನ 'ಆರು' ಕಾಕಾನ ಕಿವಿಗೆ ಸರಿಯಾಗಿಯೇ ತಲುಪಿತು, ಬಿಟ್ಟುಹೋದದ್ದು 'ಸ್'. ಆ ಖಾಲಿ ಜಾಗವನ್ನು ಮಿದುಳು ತನ್ನ ಊಹೆಯಿಂದ ತುಂಬಿತು. ಊಟಕ್ಕೆ ಮೊದಲು ಕಾರು ಎಲ್ಲಿ ನಿಲ್ಲಿಸಿದ್ದೀರಿ ಎಂದು ಇಬ್ಬರು ಕೇಳಿಹೋಗಿದ್ದರು. ಹಾಗೆ ನೋಡಿದರೆ ಅವರ ತಲೆ ಅಂದು ಚೆನ್ನಾಗಿಯೇ ಓಡುತ್ತಿತ್ತು.

ಅದಕ್ಕೇ "ಕೇಳಿಸ್ತದ, ತಿಳಿಯೂದಿಲ್ಲ" ಎಂದು ಹಿರಿಯರು ಹೇಳುವುದು. ವಾಲಗ, ಮೈಕು, ಪಾತ್ರೆಗಳ ಸದ್ದು ಸೇರಿದರಂತೂ ಮುಗಿಯಿತು. ಮಾತನ್ನು ಬಿಡಿಸಿಕೊಳ್ಳುವುದರಲ್ಲೇ ಮಿದುಳು ದಣಿಯುತ್ತದೆ, ನೆನಪಿಡಲು ತ್ರಾಣ ಉಳಿಯುವುದಿಲ್ಲ. ನಾಲ್ಕು ಸಲ ನಗೆಪಾಟಲಾದವರು ಐದನೆಯ ಸಲ ಬಾಯಿ ತೆರೆಯುವುದಿಲ್ಲ. ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಪಟ್ಟಿಮಾಡಿದ, ಡಿಮೆನ್ಶಿಯಾ ಎಂಬ ಮರೆವಿನ ರೋಗ ತರಬಲ್ಲ ಆದರೆ ತಿದ್ದಬಹುದಾದ ಹದಿನಾಲ್ಕು ಅಂಶಗಳಲ್ಲಿ ಕಿವುಡೂ ಒಂದು, ಒಂಟಿತನದ ಬದುಕೂ ಒಂದು.

ಹಾಗಾದರೆ ಶ್ರವಣಯಂತ್ರ ಹಾಕಿದರೆ ಮರೆವು ತಪ್ಪುತ್ತದೆಯೇ? ಅಮೆರಿಕದಲ್ಲಿ 70ರಿಂದ 84 ವಯಸ್ಸಿನ 977 ಜನರ ಮೇಲೆ ಮೂರು ವರ್ಷ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲೇ ಹೆಚ್ಚು ಅಪಾಯದಲ್ಲಿದ್ದವರ ಗುಂಪಿನಲ್ಲಿ ಬುದ್ಧಿಯ ಇಳಿಕೆ ಶೇಕಡಾ 48ರಷ್ಟು ನಿಧಾನವಾಯಿತು. ಕನ್ನಡಕ ಹಾಕಲು ಹಿಂಜರಿಯದವರು ಕಿವಿಯ ಯಂತ್ರವನ್ನು ಮಾತ್ರ ಡಬ್ಬಿಯಲ್ಲೇ ಇಟ್ಟುಕೊಳ್ಳುವುದು ನಮ್ಮಲ್ಲಿ ಸಾಮಾನ್ಯ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಕಿವಿ ಪರೀಕ್ಷಿಸಿ, ಯಂತ್ರಕ್ಕೆ ಹೊಂದಿಕೊಳ್ಳುವುದನ್ನೂ ಕಲಿಸುತ್ತಾರೆ.

ಜಾಣ ಅಜ್ಜ, ಗುಳಿಗಿ ನುಂಗು

ಮಾತು ಇಬ್ಬರ ಕೆಲಸ. ಆಡುವವರ ಪಾಲನ್ನೂ ನೋಡಬೇಕು. ವಯಸ್ಸಾದವರ ಮುಂದೆ ನಮ್ಮ ದನಿ ತಾನಾಗಿಯೇ ಬದಲಾಗುತ್ತದೆ: "ಅಜ್ಜಾ, ಗುಳಿಗಿ ನುಂಗಿದ್ಯಾ? ಜಾಣ ಅಜ್ಜ!" ಕೂಸಿಗೆ ಹೇಳುವ ರಾಗ, ಎತ್ತರದ ದನಿ, ಬಹುವಚನ ಮಾಯ. ಕ್ಯಾನ್ಸಸ್‌ನ ಸೂಸನ್ ಕೆಂಪರ್ ಇಂಥ ಮಾತನ್ನು ಬಹುಕಾಲ ಅಧ್ಯಯನ ಮಾಡಿದರು. ಚಿಕ್ಕ ಚೊಕ್ಕ ವಾಕ್ಯಗಳಿಂದ ಉಪಯೋಗವಾಗುತ್ತದೆ, ಎತ್ತರಿಸಿದ ರಾಗದಿಂದ ಆಗುವುದಿಲ್ಲ. ಕೀಚಲು ಸದ್ದು ಕೇಳದ ಕಿವಿಗೆ ಕೀಚಲು ದನಿಯಲ್ಲಿ ಹೇಳಿ ಏನು ಫಲ? ಕ್ರಿಸ್ಟೀನ್ ವಿಲಿಯಮ್ಸ್ ವೃದ್ಧಾಶ್ರಮಗಳಲ್ಲಿ ಚಿತ್ರೀಕರಿಸಿ ನೋಡಿದಾಗ, ಈ ರಾಗದಲ್ಲಿ ಮಾತಾಡಿಸಿದರೆ ಡಿಮೆನ್ಶಿಯಾ ಇರುವವರೂ ಆರೈಕೆಗೆ ಹೆಚ್ಚು ಪ್ರತಿಭಟಿಸುತ್ತಿದ್ದರು. ಮರೆವು ಆವರಿಸಿದವರಿಗೂ ಅವಮಾನ ತಿಳಿಯುತ್ತದೆ.

ಇನ್ನು ಹಿರಿಯರ ಮಾತು ಎಲ್ಲೆಲ್ಲೋ ಸುತ್ತುತ್ತದೆ ಎಂಬ ದೂರು. ಸುತ್ತುವುದು ನಿಜ. ಲೋರಿ ಜೇಮ್ಸ್, ಬರ್ಕ್ ಮುಂತಾದವರು 1998ರಲ್ಲಿ ಕಿರಿಯರೂ ಹಿರಿಯರೂ ಹೇಳಿದ ಬದುಕಿನ ಕಥೆಗಳನ್ನು ಬೇರೆಯವರ ಮುಂದಿಟ್ಟರು. ಹಿರಿಯರು ವಿಷಯ ಬಿಟ್ಟು ಹೆಚ್ಚು ಅಲೆದಾಡಿದ್ದರೂ ಅವರ ಕಥೆಗಳೇ ಚೆನ್ನಾಗಿವೆ ಎಂಬ ತೀರ್ಪು ಬಂತು.

ವೈದ್ಯರ ಬಳಿ ಯಾವಾಗ?

ಎಲ್ಲ ಮರೆವನ್ನೂ ವಯಸ್ಸಿನ ಖಾತೆಗೆ ಹಾಕುವುದು ಇನ್ನೊಂದು ಅಪಾಯ. ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇಕಡಾ 7.4ರಷ್ಟು, ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆ ಎಂದು ಈಚಿನ ರಾಷ್ಟ್ರೀಯ ಅಧ್ಯಯನದ ಅಂದಾಜು. ಕೀಲಿ ಎಲ್ಲಿಟ್ಟೆ ಎಂದು ಮರೆಯುವುದು ಒಂದು, ಕೀಲಿ ಯಾತಕ್ಕೆ ಎಂದು ತಿಳಿಯದಿರುವುದು ಇನ್ನೊಂದು. ಗೊತ್ತಿದ್ದ ಓಣಿಯಲ್ಲಿ ದಾರಿ ತಪ್ಪಿದರೆ, ಹಣದ ಲೆಕ್ಕ ಕೈಮೀರಿದರೆ, ಸ್ವಭಾವವೇ ಬದಲಾದರೆ ತಡಮಾಡಬಾರದು. ಖಿನ್ನತೆ, ಥೈರಾಯ್ಡ್ ತೊಂದರೆ, ಬಿ12 ಕೊರತೆಗಳೂ ಮರೆವಿನ ವೇಷದಲ್ಲಿ ಬರುತ್ತವೆ, ಇವಕ್ಕೆ ಚಿಕಿತ್ಸೆಯಿದೆ.

ನಮ್ಮ ನಾಡಿನ ಮಟ್ಟಿಗೆ ಆಶೆ ತರುವ ಒಂದು ಸುದ್ದಿಯೂ ಇದೆ. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಸುವರ್ಣಾ ಅಲ್ಲಾಡಿ ಹೈದರಾಬಾದಿನಲ್ಲಿದ್ದಾಗ 648 ಡಿಮೆನ್ಶಿಯಾ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ತೋರಿತ್ತು, ಓದುಬರಹ ಬಾರದವರಲ್ಲೂ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ನಲವತ್ತೈದು ದಾಟಿದ ಸಾವಿರಾರು ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ ನಡೆಸುತ್ತಿದೆ. ಸಿಯಾಟಲ್‌ನ ಲೆಕ್ಕದ ಜೊತೆಗೆ ನಮ್ಮ ರೈತರ, ಕೂಲಿಯವರ ಲೆಕ್ಕವೂ ಅಲ್ಲಿ ಸಿಗಲಿದೆ.

ಅಂದು ರಾತ್ರಿ ಮನೆಗೆ ಬಂದು ಕಾಕಾ ಎಲೆಗೆ ಸುಣ್ಣ ಸವರುತ್ತಿದ್ದರು. ನಾನು ಟಿವಿ ಆರಿಸಿ ಎದುರಿಗೆ ಕೂತಿದ್ದೆ. ಯಾರೂ ಏನೂ ಕೇಳಿರಲಿಲ್ಲ.

"ಬಡಿಗೇರ," ಅಂದರು ತಟ್ಟನೆ. "ಬಡಿಗೇರ ಮಾಸ್ತರು. ಮೊಳೆ ಹೊಡ್ಯಾಕೂ ಬರ್ತಿರಲಿಲ್ಲ ಅವರಿಗೆ." ಆಮೇಲೆ ಪೇರಲ ಗಿಡದ ಕಥೆ ಶುರುವಾಯಿತು, ಅಲ್ಲಿಂದ ಲ್ಯಾಂಬ್ರೆಟಾ, ಅಲ್ಲಿಂದ ಇನ್ನೆಲ್ಲಿಗೋ. ನಾನು ಈ ಸಲ ನಡುವೆ ಬಾಯಿ ಹಾಕಲಿಲ್ಲ.