ಬದುವಿನ ಮೇಲಿನ ಅಹಿಂಸೆ

ಜನ್ನ ಕವಿಯು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯ ಹಿಟ್ಟಿನ ಕೋಳಿಯ ಪ್ರಸಂಗವನ್ನು ಕನ್ನಡದ ಜೈನರು ಬಲ್ಲರು. ತಾಯಿಯ ಒತ್ತಾಯಕ್ಕೆ ಮಣಿದ ಅರಸನು ಜೀವವಿರುವ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ದೇವಿಗೆ ಬಲಿಗೊಡುತ್ತಾನೆ. ಕೊಲ್ಲುವ ಸಂಕಲ್ಪವೊಂದು ಅಲ್ಲಿದ್ದುದರಿಂದ ತಾಯಿ, ಮಗ ಇಬ್ಬರೂ ಭವಭವಗಳಲ್ಲಿ ಪಶುಪಕ್ಷಿಗಳಾಗಿ ತೊಳಲುತ್ತಾರೆ. ಜೀವಹಾನಿಯಿಲ್ಲದೆಯೂ ಹಿಂಸೆಯುಂಟು ಎಂಬುದು ಕಥೆಯ ತಿರುಳು.

ಇದಕ್ಕೆ ಇನ್ನೊಂದು ಮಗ್ಗುಲಿದೆ. ಕೊಲ್ಲಬೇಕೆಂದು ಯಾರೂ ಬಯಸದಿದ್ದರೂ ಹಕ್ಕಿಯೊಂದರ ಸಂತತಿ ನಾಡಿನಿಂದಲೇ ಕರಗಿಹೋದರೆ ಅದನ್ನು ಏನೆಂದು ಕರೆಯಬೇಕು?

ಇಂಗ್ಲೆಂಡಿನ ಗೋಧಿ, ಬಾರ್ಲಿ ಹೊಲಗಳಲ್ಲಿ ಬೂದು ಕೌಜುಗವೆಂಬ ಹಕ್ಕಿಯಿದೆ. ಅದು ನಮ್ಮ ಬಯಲುಸೀಮೆಯ ಕೌಜುಗದ ದೂರದ ಬಂಧು. ಬೇಲಿಯ ಬುಡದ ಹುಲ್ಲಿನಲ್ಲಿ ಒಮ್ಮೆಗೆ ಹದಿನೈದರಷ್ಟು ಮೊಟ್ಟೆಯಿಡುವ ಈ ಹಕ್ಕಿ ಒಂದು ಕಾಲದಲ್ಲಿ ಅಲ್ಲಿ ಸರ್ವೇಸಾಮಾನ್ಯವಾಗಿತ್ತು. ಕಳೆದ ಐವತ್ತು ವರ್ಷಗಳಲ್ಲಿ ಬ್ರಿಟನ್ನಿನಲ್ಲಿ ಅದರ ಸಂಖ್ಯೆ ಶೇ. 90ಕ್ಕೂ ಹೆಚ್ಚು ಕುಸಿಯಿತು. ಕಾರಣವನ್ನರಸಿ ಸಸೆಕ್ಸ್ ಪ್ರಾಂತ್ಯದ ಹೊಲಗಳಲ್ಲಿ 1968ರಲ್ಲಿ ಅಧ್ಯಯನವೊಂದು ಆರಂಭವಾಯಿತು. ಡಿಕ್ ಪಾಟ್ಸ್ ಎಂಬ ವಿಜ್ಞಾನಿ ಅದರ ಮುಂದಾಳಾಗಿದ್ದರು. ಅವರು ಹಕ್ಕಿಗಳನ್ನಷ್ಟೇ ಅಲ್ಲ, ಪೈರಿನ ನಡುವಣ ಹುಳುಗಳನ್ನೂ ವರ್ಷವರ್ಷವೂ ಎಣಿಸಿದರು.

ಆಗ ಗುಟ್ಟು ಬಯಲಾಯಿತು. ಬೆಳೆದ ಕೌಜುಗ ಕಾಳು, ಎಲೆ ತಿಂದು ಬದುಕುತ್ತದೆ. ಆದರೆ ಮೊಟ್ಟೆಯೊಡೆದು ಬಂದ ಮರಿಗೆ ಮೊದಲ ವಾರಗಳಲ್ಲಿ ಹುಳುಗಳೇ ಆಹಾರ. ಆ ಹುಳುಗಳಿಗೆ ಹೊಲದ ಕಳೆಯೇ ಆಸರೆ. 1950ರ ದಶಕದಿಂದೀಚೆಗೆ ಕಳೆನಾಶಕಗಳ ಬಳಕೆ ಹೆಚ್ಚಿತು. ಕಳೆ ಅಳಿಯಿತು, ಹುಳು ಅಳಿಯಿತು, ಮರಿ ಹಸಿವಿನಿಂದ ಸತ್ತಿತು. ಹಿಂದೆ ಹೆಚ್ಚುಕಡಿಮೆ ಅರ್ಧದಷ್ಟು ಮರಿಗಳು ಉಳಿಯುತ್ತಿದ್ದರೆ, ಬಳಿಕ ಉಳಿದದ್ದು ಮೂರರಲ್ಲೊಂದು ಪಾಲು. ಗೂಡಿಗೆ ಇಂಬಾಗಿದ್ದ ಬೇಲಿಗಳೂ ಬದುಗಳೂ ದೊಡ್ಡ ಹೊಲಗಳಿಗಾಗಿ ನೆಲಸಮವಾದವು.

ರೈತನಾದರೂ ಹಕ್ಕಿಯ ಮೇಲೆ ಕೈಯೆತ್ತಿರಲಿಲ್ಲ. ಏಕೇಂದ್ರಿಯವಾದ ಸಸ್ಯಕ್ಕೆ ಬಿದ್ದ ಪೆಟ್ಟು ಹುಳುವಿನ ಮೂಲಕ ಸಾಗಿ ಪಂಚೇಂದ್ರಿಯವಾದ ಪಕ್ಷಿಯನ್ನು ಮುಟ್ಟಿತ್ತು. ಉಮಾಸ್ವಾಮಿ ಆಚಾರ್ಯರು ‘ತತ್ತ್ವಾರ್ಥಸೂತ್ರ’ದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣದೊಂದಿಗೆ ಪ್ರಮಾದವನ್ನು ಜೋಡಿಸಿದ್ದಾರೆ. ಪ್ರಮಾದವೆಂದರೆ ಎಚ್ಚರಗೇಡಿತನ. ದ್ವೇಷವಿಲ್ಲದ ಕೈಯಿಂದಲೂ ಅದು ನಡೆಯಬಲ್ಲದು.

ಕೃಷಿಯನ್ನು ಜೈನಧರ್ಮ ನಿಂದಿಸುವುದಿಲ್ಲ. ಅಸಿ, ಮಸಿ, ಕೃಷಿ ಮೊದಲಾದ ಷಟ್ಕರ್ಮಗಳನ್ನು ಲೋಕಕ್ಕೆ ಕಲಿಸಿದವನು ಆದಿನಾಥನೇ. ಗೃಹಸ್ಥನ ಉದ್ಯೋಗದಲ್ಲಿ ಒದಗುವ ಹಿಂಸೆ ಬೇರೆ, ಸಂಕಲ್ಪಪೂರ್ವಕ ಹಿಂಸೆ ಬೇರೆ ಎಂಬ ವಿವೇಕವೂ ನಮ್ಮಲ್ಲಿದೆ. ಆದರೆ ಸಮಂತಭದ್ರ ಆಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಅನರ್ಥದಂಡದ ಬಗೆಗಳಲ್ಲಿ ಪ್ರಮಾದಚರ್ಯೆಯನ್ನೂ ಎಣಿಸುತ್ತದೆ. ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ಸಸ್ಯಗಳನ್ನು ಕತ್ತರಿಸುವುದು ಆ ದೋಷಕ್ಕೆ ಸೇರಿದವು. ಅನ್ನಕ್ಕಾಗಿ ಉಳುವುದು ಒಂದು; ಇಳುವರಿ ಹೇಗೂ ಕಡಿಮೆಯಿರುವ ಹೊಲದ ಅಂಚಿಗೂ ವಿಷ ಸುರಿಯುವುದು ಇನ್ನೊಂದು.

ಇಂಗ್ಲೆಂಡಿನಲ್ಲಿ ಹಕ್ಕಿಗಳ ಚೇತರಿಕೆಗೆ ಆ ಅಂಚೇ ನೆರವಾಯಿತು. ಹೊಲದ ಸುತ್ತ ಆರು ಮೀಟರಿನಷ್ಟು ಅಗಲಕ್ಕೆ ಸಿಂಪಡಣೆಯನ್ನು ಮಿತಗೊಳಿಸಿದಾಗ ಕಳೆ ಮರಳಿತು, ಹುಳು ಮರಳಿತು, ಮರಿಗಳು ಬದುಕಿದವು. ದೊಡ್ಡ ಹೊಲಗಳ ನಡುವೆ ಹುಲ್ಲಿನ ದಿಬ್ಬಗಳನ್ನು ಎಬ್ಬಿಸಿದರು; ಚಳಿಗಾಲದಲ್ಲಿ ಅಲ್ಲಿ ತಂಗಿದ ಜೀರುಂಡೆಗಳು ಬೆಳೆಯ ಹೇನನ್ನು ತಿಂದು ರೈತನಿಗೂ ಉಪಕರಿಸಿದವು. ಸಸೆಕ್ಸಿನ ಅರುಂಡೆಲ್ ಬಳಿಯ ಎಸ್ಟೇಟೊಂದರಲ್ಲಿ 2003ರ ವೇಳೆಗೆ ಕೆಲವೇ ಜೋಡಿ ಕೌಜುಗಗಳು ಉಳಿದಿದ್ದವು. ಬೇರೆಡೆಯಿಂದ ಕೆಲವು ಜೋಡಿಗಳನ್ನು ತಂದು, ಬೇಲಿ, ಹುಲ್ಲು, ಅಂಚುಗಳನ್ನು ಸರಿಪಡಿಸಿದ ಬಳಿಕ ಅವು ನೂರಾರು ಜೋಡಿಗಳಾದವು.

ಇಲ್ಲೊಂದು ಮುಳ್ಳಿದೆ, ಅದನ್ನು ಮುಚ್ಚಿಡಲಾಗದು. ಆ ನಾಡಿನಲ್ಲಿ ಕೌಜುಗ ಬೇಟೆಯ ಹಕ್ಕಿ. ಅದನ್ನು ಉಳಿಸಲು ದುಡಿದವರಲ್ಲಿ ಅನೇಕರು ಬೇಟೆಯ ಒಲವುಳ್ಳವರು. ಹಕ್ಕಿಗಾಗಿ ನರಿಗಳನ್ನು ಕೊಲ್ಲುವುದೂ ಅವರ ಕ್ರಮದಲ್ಲಿ ಸೇರಿದೆ. ಇದನ್ನು ಶ್ರಾವಕನು ಒಪ್ಪಲಾರ. ಗುಂಡಿಗಾಗಿ ಬೆಳೆಸಿದ ಜೀವಕ್ಕೆ ಅಭಯ ದೊರೆತಂತಾಗಲಿಲ್ಲ. ಆದರೂ ಅವರು ಕಂಡ ಸತ್ಯ ಸತ್ಯವೇ. ಅನೇಕಾಂತದ ದೃಷ್ಟಿಯುಳ್ಳವನು ಅವರ ಕೋವಿಯನ್ನು ಬಿಟ್ಟು ಅವರ ಕಣ್ಣನ್ನು ಪಡೆಯಬಲ್ಲ. ಹಕ್ಕಿಗೆ ಹುಳುವನ್ನು ಉಣಿಸುವುದು ಶ್ರಾವಕನ ಕೆಲಸವಲ್ಲ. ಎರಡೂ ತಮ್ಮ ಪಾಡಿಗೆ ಬದುಕುವ ನೆಲೆಯನ್ನು ಕೆಡಿಸದಿರುವುದು ಅವನ ಕೆಲಸ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೌಜುಗದ ಬೇಟೆಯನ್ನು ತಡೆದಿದೆ. ಆದರೆ ಬಲೆಯನ್ನು ತಡೆಯುವ ಕಾಯ್ದೆ ಬದುವಿಗೆ ಬೀಳುವ ವಿಷವನ್ನು ತಡೆಯದು. ಅಲ್ಲಿ ವ್ರತವೇ ಕಾಯಬೇಕು. ಬೆಳಗಾವಿ, ಧಾರವಾಡ ಸೀಮೆಯಲ್ಲಿ ಒಕ್ಕಲುತನವನ್ನೇ ನೆಚ್ಚಿದ ಜೈನ ಕುಟುಂಬಗಳು ಬಹಳವಿವೆ. ಮುನಿಗಳು ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿ ಹೆಜ್ಜೆಯಿಡುವುದನ್ನು ಈರ್ಯಾಸಮಿತಿ ಎನ್ನುತ್ತೇವೆ. ಬೆನ್ನಿಗೆ ಸಿಂಪಡಣೆಯ ಯಂತ್ರ ಹೊತ್ತ ಶ್ರಾವಕನೂ ಬದುವಿನ ಬಳಿ ಬಂದಾಗ ಹಾಗೆಯೇ ಒಂದು ಕ್ಷಣ ನಿಂತು ನೋಡಲಿ. ಅಲ್ಲಿ ಬೆಳೆಯಿಲ್ಲ, ಹುಲ್ಲಿದೆ. ಹುಲ್ಲಿನ ಮರೆಯಲ್ಲಿ ಗೂಡಿರಬಹುದು. ಅಷ್ಟು ನೆಲವನ್ನು ಸಿಂಪಡಿಸದೆ ಬಿಟ್ಟರೆ ಅವನ ಕಣಜಕ್ಕೆ ಹೆಚ್ಚೇನೂ ಕೊರತೆಯಾಗದು, ಅಣುವ್ರತವೂ ಉಳಿಯುತ್ತದೆ.