ಕಾರಿಗೊಂದು ತಿದಿ

ಕಮ್ಮಾರಸಾಲೆಯನ್ನು ನೀವು ನೋಡಿರಬಹುದು. ಕುಲುಮೆಯಲ್ಲಿ ಇದ್ದಿಲು ಮಂಕಾಗಿ ಕೆಂಪಗೆ ಕೂತಿರುತ್ತದೆ. ಕಮ್ಮಾರನು ತಿದಿ ಒತ್ತಿದನೆಂದರೆ ಅದೇ ಇದ್ದಿಲು ಬೆಳ್ಳಗೆ ಉರಿದು ಕಬ್ಬಿಣವನ್ನು ಮೆತ್ತಗೆ ಮಾಡುತ್ತದೆ. ಕುಲುಮೆ ದೊಡ್ಡದಾಗಲಿಲ್ಲ. ಹೆಚ್ಚು ಗಾಳಿ ಬಂತು, ಅಷ್ಟೆ. ಆದರೆ ತಿದಿ ಒತ್ತುವವನಿಗೆ ಅಳತೆ ತಿಳಿಯದೆ ಹೋದರೆ ಕುಲುಮೆಯೊಳಗಿನ ಕಬ್ಬಿಣವೇ ಸುಟ್ಟು ಕೆಲಸಕ್ಕೆ ಬಾರದೆ ಹೋಗುತ್ತದೆ ಎಂಬುದನ್ನೂ ಆ ಕಮ್ಮಾರನೇ ಹೇಳಿಯಾನು.

ಇಂದು ಅನೇಕ ಸಣ್ಣ ಕಾರುಗಳಲ್ಲಿ ಇಂಥದೊಂದು ತಿದಿ ಇದೆ. ಅದರ ಹೆಸರು ಟರ್ಬೊಚಾರ್ಜರ್, ಬಳಕೆಯಲ್ಲಿ ಟರ್ಬೊ. ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಇಂಥ ಕಾರೊಂದನ್ನು ಕೊಂಡು, "ಅಪ್ಪಾ, ಇನ್ನೊಂದಿಷ್ಟು ಹಣ ಹಾಕಿದರೆ ಇದರ ಶಕ್ತಿಯನ್ನು ಇನ್ನೂ ಏರಿಸಬಹುದಂತೆ" ಎಂದು ಕೇಳುತ್ತಿರಬಹುದು. ಆಗ ಕಣ್ಣು ಮುಚ್ಚಿಕೊಂಡು ಹೂಂ ಎನ್ನುವುದೂ ಸರಿಯಲ್ಲ, ಸಿಡುಕಿ ಬೇಡ ಎನ್ನುವುದೂ ಸರಿಯಲ್ಲ. ಆ ಶಕ್ತಿ ಎಲ್ಲಿಂದ ಬರುತ್ತದೆ, ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬುದನ್ನು ತಿಳಿದು ಉತ್ತರ ಕೊಡುವುದು ಲೇಸು.

ಮೊದಲು ಟರ್ಬೊ ಎಂದರೇನೆಂದು ನೋಡೋಣ. ಎಂಜಿನಿನ ಸಿಲಿಂಡರಿನಲ್ಲಿ ಪೆಟ್ರೋಲು ಉರಿಯಲು ಗಾಳಿ ಬೇಕು. ಒಂದು ತೂಕ ಪೆಟ್ರೋಲಿಗೆ ಸುಮಾರು 14.7 ತೂಕ ಗಾಳಿ ಬೇಕೆಂಬುದು ಲೆಕ್ಕ. ಆದ್ದರಿಂದ ಎಂಜಿನು ಎಷ್ಟು ಪೆಟ್ರೋಲನ್ನು ಉರಿಸಬಲ್ಲದು ಎಂಬುದು ಅದು ಎಷ್ಟು ಗಾಳಿಯನ್ನು ಒಳಗೆಳೆಯಬಲ್ಲದು ಎಂಬುದರ ಮೇಲೆ ನಿಂತಿದೆ. ಸಾಧಾರಣ ಎಂಜಿನು ಸುತ್ತಲಿನ ಗಾಳಿಯನ್ನು ತಾನೇ ಹೀರಿಕೊಳ್ಳುತ್ತದೆ. ಮಂಗಳೂರಿನ ಕಡಲ ದಡದಲ್ಲಿ ಹೀರುವಷ್ಟು ಗಾಳಿ ಅದಕ್ಕೆ ಬೆಂಗಳೂರಿನಲ್ಲಿ ಸಿಕ್ಕದು. ಸುಮಾರು 900 ಮೀಟರು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಹತ್ತರಲ್ಲಿ ಒಂದು ಪಾಲಿನಷ್ಟು ಕಡಿಮೆ. ಎಂಜಿನಿನ ಬಲವೂ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ. ಟರ್ಬೊ ಇರುವ ಎಂಜಿನಿಗೆ ಈ ಕೊರತೆ ಅಷ್ಟಾಗಿ ತಾಗದು. ಅದು ಗಾಳಿಯನ್ನು ಒತ್ತಿ ತುಂಬಿಕೊಳ್ಳುತ್ತದೆ.

ಒತ್ತುವ ಕೆಲಸಕ್ಕೆ ಶಕ್ತಿ ಎಲ್ಲಿಂದ? ಜಾಣತನವಿರುವುದು ಇಲ್ಲಿಯೇ. ಪೆಟ್ರೋಲಿನಲ್ಲಿರುವ ಶಕ್ತಿಯ ಮೂರರಲ್ಲೊಂದು ಪಾಲಿನಷ್ಟು ಬಿಸಿ ಹೊಗೆಯಾಗಿ ಹಿಂದಿನ ಕೊಳವೆಯಿಂದ ಹೊರಗೆ ಹೋಗಿಬಿಡುತ್ತದೆ. ಆ ಹೊಗೆಯ ದಾರಿಯಲ್ಲಿ ಒಂದು ಪುಟ್ಟ ಚಕ್ರವನ್ನಿಡುತ್ತಾರೆ. ಹೊಗೆಯ ರಭಸಕ್ಕೆ ಅದು ತಿರುಗುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಹಿಡಿದು ಎಂಜಿನಿಗೆ ಒತ್ತುತ್ತದೆ. ಅಂಗೈಯಲ್ಲಿ ಹಿಡಿಸುವ ಈ ಚಕ್ರಗಳು ನಿಮಿಷಕ್ಕೆ ಒಂದು ಲಕ್ಷಕ್ಕಿಂತ ಹೆಚ್ಚು ಸುತ್ತು ತಿರುಗುತ್ತವೆ. ಒಂದು ಕಡೆಗೆ ಒಂಬೈನೂರು ಡಿಗ್ರಿ ಮುಟ್ಟುವ ಬಿಸಿ ಹೊಗೆ, ಇನ್ನೊಂದು ಕಡೆಗೆ ಹೊರಗಿನ ಗಾಳಿ. ನಡುವಿನ ಅಚ್ಚನ್ನು ಕಾಪಾಡುವುದು ಎಣ್ಣೆಯ ತೆಳುವಾದ ಪದರವೊಂದೇ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಎಂಬವರು 1905ರಲ್ಲೇ ಈ ಏರ್ಪಾಡಿಗೆ ಪೇಟೆಂಟು ಪಡೆದಿದ್ದರು. ಮೊದಲು ಅದು ಹಡಗುಗಳ, ಆಮೇಲೆ ರೈಲುಗಳ ದೊಡ್ಡ ಎಂಜಿನುಗಳನ್ನು ಸೇರಿತು. 1962ರಲ್ಲಿ ನಮ್ಮ ರೈಲುಮಾರ್ಗಕ್ಕೆ ಬಂದ ಡಬ್ಲ್ಯು.ಡಿ.ಎಂ.-2 ಡೀಸೆಲ್ ಎಂಜಿನಿನಲ್ಲೂ ಟರ್ಬೊ ಇತ್ತು. ಅದೇ ವರ್ಷ ಅಮೆರಿಕದಲ್ಲಿ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಎಂಬ ಕಾರು ಮಾರಾಟಕ್ಕೆ ಬಂತು. ಜನರಿಗೆ ಮಾರಿದ ಮೊಟ್ಟಮೊದಲ ಟರ್ಬೊ ಕಾರುಗಳಲ್ಲಿ ಅದೊಂದು. ಅದರ ಕತೆ ಸ್ವಾರಸ್ಯವಾಗಿದೆ. ಸಿಲಿಂಡರಿನ ಬಿಸಿ ಹತೋಟಿಯಲ್ಲಿರಲೆಂದು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವೊಂದನ್ನು ಅದಕ್ಕೆ ಆಗಾಗ ತುಂಬಬೇಕಾಗಿತ್ತು. ಮಾಲೀಕರಲ್ಲಿ ಎಷ್ಟೋ ಮಂದಿ ಅದನ್ನು ತುಂಬಲೇ ಇಲ್ಲ. ದ್ರವವಿಲ್ಲದೆ ಕಾರು ಬಲಗುಂದಿತು, ಜನ ಬೇಸತ್ತರು, 1963ರ ನಂತರ ಆ ಕಾರು ಬರಲಿಲ್ಲ. ಟರ್ಬೊ ಕಾರು ಮಾಲೀಕನಿಂದ ಮೊದಲು ಕೇಳುವುದು ಹಣವನ್ನಲ್ಲ, ಲಕ್ಷ್ಯವನ್ನು ಎಂಬ ಪಾಠ ಅಂದಿನಿಂದಲೇ ಇದೆ.

ಈಗ ನಮ್ಮ ನಾಡಿನ ಬೀದಿಗಳಲ್ಲೇ ಕಾಣುವ ಒಂದು ಕಾರನ್ನು ನಿದರ್ಶನಕ್ಕೆ ತೆಗೆದುಕೊಳ್ಳೋಣ. ಪುಣೆಯ ಹತ್ತಿರದ ಚಾಕಣದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಫೋಕ್ಸ್‌ವ್ಯಾಗನ್ ಪೋಲೋ ಕಾರಿನ ಜಿ.ಟಿ. ಟಿ.ಎಸ್.ಐ. ಎಂಬ ಬಗೆ 2013ರಲ್ಲಿ ಮಾರುಕಟ್ಟೆಗೆ ಬಂತು. ಆಗ 1.2 ಲೀಟರಿನ ಸಾಧಾರಣ ಪೆಟ್ರೋಲು ಎಂಜಿನಿನ ಪೋಲೋ ಕೂಡ ಇತ್ತು. ಅದರ ಶಕ್ತಿ 75 ಅಶ್ವಶಕ್ತಿ. ಚಕ್ರವನ್ನು ತಿರುಚುವ ಬಲ, ಅಂದರೆ ಟಾರ್ಕ್, 110 ನ್ಯೂಟನ್ ಮೀಟರು. ಹೆಚ್ಚುಕಡಿಮೆ ಅದೇ ಗಾತ್ರದ ಟರ್ಬೊ ಎಂಜಿನು 105 ಅಶ್ವಶಕ್ತಿಯನ್ನೂ 175 ನ್ಯೂಟನ್ ಮೀಟರ್ ಟಾರ್ಕನ್ನೂ ಕೊಡುತ್ತಿತ್ತು. ಅದೂ ಎಂಜಿನು ನಿಮಿಷಕ್ಕೆ 1500 ಸುತ್ತು ತಿರುಗುವಾಗಲೇ. ಲಾರಿಯನ್ನು ದಾಟುವಾಗ ಪಾದ ಒತ್ತಿದ ಕೂಡಲೇ ಬೆನ್ನನ್ನು ಸೀಟಿಗೆ ಒತ್ತುವ ಆ ಹಿತವಾದ ನೂಕು ಇದರ ಫಲ. 2020ರಲ್ಲಿ ಇದರ ಜಾಗಕ್ಕೆ ಮೂರು ಸಿಲಿಂಡರಿನ, ಒಂದು ಲೀಟರಿನ, 110 ಅಶ್ವಶಕ್ತಿಯ ಟರ್ಬೊ ಎಂಜಿನು ಬಂತು. 2022ರಲ್ಲಿ ಭಾರತದಲ್ಲಿ ಪೋಲೋ ತಯಾರಿಕೆಯೇ ನಿಂತಿತು. ಆದ್ದರಿಂದ ಈಗ ಕೊಳ್ಳುವವರಿಗೆ ಸಿಕ್ಕುವುದು ಇನ್ನೊಬ್ಬರ ಕೈಯಲ್ಲಿ ಓಡಿದ ಕಾರು. ಹಿಂದಿನ ಮಾಲೀಕರು ಅದರ ಎಣ್ಣೆಯನ್ನು ಹೊತ್ತಿಗೆ ಸರಿಯಾಗಿ ಬದಲಾಯಿಸಿದ್ದರೇ, ಅದರ ಶಕ್ತಿಯನ್ನು ಏರಿಸಿ ಓಡಿಸಿ ಈಗ ಮೊದಲಿನಂತೆ ಮಾಡಿ ಮಾರುತ್ತಿದ್ದಾರೆಯೇ ಎಂಬ ಎರಡು ಪ್ರಶ್ನೆಗಳನ್ನು ಬಣ್ಣ ನೋಡುವ ಮೊದಲೇ ಕೇಳಬೇಕು. ಸರ್ವೀಸಿನ ದಾಖಲೆ ತೋರಿಸಲು ಹಿಂಜರಿಯುವವರಿಂದ ಟರ್ಬೊ ಕಾರು ಕೊಳ್ಳದಿರುವುದೇ ಕ್ಷೇಮ.

ಇನ್ನು ಶಕ್ತಿ ಏರಿಸುವ ಮಾತು. ಹಿಂದೆ ಎಂಜಿನಿನ ಬಲ ಹೆಚ್ಚಿಸಬೇಕಾದರೆ ಅದನ್ನು ಬಿಚ್ಚಿ, ಕೊರೆದು, ಉಜ್ಜಬೇಕಾಗುತ್ತಿತ್ತು. ಈಗ ಹಾಗಿಲ್ಲ. ಟರ್ಬೊ ಎಷ್ಟು ಒತ್ತಬೇಕು, ಎಷ್ಟು ಪೆಟ್ರೋಲು ಚಿಮ್ಮಬೇಕು, ಕಿಡಿ ಯಾವ ಗಳಿಗೆಯಲ್ಲಿ ಹಾರಬೇಕು ಎಂಬುದನ್ನೆಲ್ಲ ಒಂದು ಸಣ್ಣ ಕಂಪ್ಯೂಟರು ತನ್ನಲ್ಲಿರುವ ಕೋಷ್ಟಕ ನೋಡಿ ತೀರ್ಮಾನಿಸುತ್ತದೆ. ಆ ಕೋಷ್ಟಕವನ್ನು ತಿದ್ದಿದರೆ ಸಾಕು, ಒಂದು ನಟ್ಟು ಬೋಲ್ಟನ್ನೂ ಮುಟ್ಟದೆ ಒಂದೇ ಮಧ್ಯಾಹ್ನದಲ್ಲಿ ಕಾರಿನ ಬಲ ಏರುತ್ತದೆ. ಇದಕ್ಕೆ ಹುಡುಗರು ರೀಮ್ಯಾಪ್ ಎನ್ನುತ್ತಾರೆ. ಮೊದಲನೆಯ ಹಂತ ಎಂದೂ ಕರೆಯುತ್ತಾರೆ. ಗಾಳಿ ಹೋಗುವ ಹಾಗೂ ಹೊಗೆ ಬರುವ ಕೊಳವೆಗಳನ್ನು ಅಗಲ ಮಾಡುವುದು ಎರಡನೆಯ ಹಂತ. ಟರ್ಬೊವನ್ನೇ ತೆಗೆದು ದೊಡ್ಡದನ್ನು ಕೂರಿಸುವುದು ಮೂರನೆಯದು.

ಕೋಷ್ಟಕ ತಿದ್ದಿದ ಮಾತ್ರಕ್ಕೆ ಬಲ ಬರುವುದಾದರೆ, ಕಾರು ಮಾಡಿದವರೇ ಏಕೆ ಹಾಗೆ ಮಾಡಲಿಲ್ಲ? ಇದು ಎಲ್ಲರೂ ಕೇಳಬೇಕಾದ ಪ್ರಶ್ನೆ. ಅವರಿಗೆ ತಿಳಿಯದೆ ಅಲ್ಲ. ಅವರು ಅಷ್ಟನ್ನು ಕೂಡಿಟ್ಟಿದ್ದಾರೆ. ಸಂಸಾರಸ್ಥರು ತಿಂಗಳ ಸಂಬಳವನ್ನೆಲ್ಲ ಖರ್ಚು ಮಾಡದೆ ಕಾಯಿಲೆ ಕಸಾಲೆಗೆಂದು ಒಂದಿಷ್ಟು ಎತ್ತಿಡುವುದಿಲ್ಲವೆ? ಹಾಗೆಯೇ ಇದು. ಏಪ್ರಿಲ್ ತಿಂಗಳ ಮಧ್ಯಾಹ್ನ, ಕಾರಿನಲ್ಲಿ ಐದು ಜನ, ಮೇಲೆ ಸಾಮಾನು, ಟ್ಯಾಂಕಿನಲ್ಲಿ ಎಲ್ಲಿಯೋ ತುಂಬಿಸಿದ ಪೆಟ್ರೋಲು, ಎದುರಿಗೆ ಚಾರ್ಮಾಡಿ ಘಾಟಿ. ಅಂಥ ದಿನಕ್ಕಾಗಿ ಆ ಮೀಸಲು. ರೀಮ್ಯಾಪ್ ಎಂದರೆ ಹೊಸದಾಗಿ ಗಳಿಸಿದ ಹಣವಲ್ಲ; ಎತ್ತಿಟ್ಟ ಗಂಟನ್ನು ಬಿಚ್ಚಿ ಖರ್ಚು ಮಾಡುವುದು.

ಅಂಥ ದಿನ ಎಂಜಿನಿನೊಳಗೆ ನಡೆಯುವುದೇನು? ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನೀವು ಕೈಯಾರೆ ಮುಟ್ಟಿ ನೋಡಿದ್ದೀರಿ. 30 ಡಿಗ್ರಿಯ ಗಾಳಿಯನ್ನು ಎರಡರಷ್ಟು ಒತ್ತಡಕ್ಕೆ ಏರಿಸಿದರೆ ಅದರ ಬಿಸಿ ನೂರು ಡಿಗ್ರಿಯನ್ನು ದಾಟುತ್ತದೆ. ಅದನ್ನು ತಣಿಸಲು ಇಂಟರ್‌ಕೂಲರ್ ಎಂಬ ಭಾಗವಿದೆ. ಆದರೆ ಅದಕ್ಕೂ ಒಂದು ಮಿತಿ ಉಂಟು. ಮಿತಿ ಮೀರಿದರೆ, ಪ್ಲಗ್ಗಿನ ಕಿಡಿಯಿಂದ ಹೊರಟ ಜ್ವಾಲೆ ಮೂಲೆಗೆ ಮುಟ್ಟುವ ಮೊದಲೇ ಅಲ್ಲಿನ ಪೆಟ್ರೋಲು ಗಾಳಿ ತಾನಾಗಿ ಸಿಡಿಯುತ್ತದೆ. ಹಿತವಾಗಿ ನೂಕಬೇಕಾದ ಬೆಂಕಿ ಆಗ ಸುತ್ತಿಗೆಯಂತೆ ಪಿಸ್ಟನ್ನನ್ನು ಬಡಿಯುತ್ತದೆ. ಇದೇ ನಾಕಿಂಗ್. ಹೆಚ್ಚು ಆಕ್ಟೇನ್ ಸಂಖ್ಯೆಯ ಪೆಟ್ರೋಲು ಇದನ್ನು ತಡೆದುಕೊಳ್ಳುತ್ತದೆ. ನಾಕಿಂಗನ್ನು ಕೇಳಿಸಿಕೊಳ್ಳುವ ಒಂದು ಕಿವಿಯೂ ಎಂಜಿನಿನ ಮೇಲಿದೆ. ಅದು ಕೇಳಿಸಿದೊಡನೆ ಕಂಪ್ಯೂಟರು ಕಿಡಿಯನ್ನು ತುಸು ತಡಮಾಡಿ ಎಂಜಿನನ್ನು ಉಳಿಸುತ್ತದೆ. ಆದರೆ ಕೋಷ್ಟಕ ತಿದ್ದಿದವನು ಅವಸರದವನಾಗಿದ್ದರೆ ಈ ಕಾವಲಿಗೆ ಕೆಲಸ ಮಾಡಲು ಅವಕಾಶವೇ ಉಳಿಯದು. ಪಿಸ್ಟನ್ನು ಒಡೆದರೆ ಎಂಜಿನು ಇಡಿಯಾಗಿ ಬಿಚ್ಚಬೇಕು. ಅದರ ಖರ್ಚು ಹಳೆಯ ಕಾರಿನ ಬೆಲೆಯ ದೊಡ್ಡ ಪಾಲನ್ನೇ ನುಂಗಬಹುದು.

ಹೊರೆ ಎಂಜಿನಿಗೆ ಮಾತ್ರವಲ್ಲ. 2013ರ ಪೋಲೋದಲ್ಲಿದ್ದ ಏಳು ಗೇರಿನ ಸ್ವಯಂಚಾಲಿತ ಗೇರ್‌ಬಾಕ್ಸನ್ನು 250 ನ್ಯೂಟನ್ ಮೀಟರಿನವರೆಗಿನ ಟಾರ್ಕಿಗೆಂದು ರಚಿಸಲಾಗಿತ್ತು. ಅದರ ಕ್ಲಚ್ಚುಗಳು ಎಣ್ಣೆಯಲ್ಲಿ ಮುಳುಗಿರದ ಒಣ ಕ್ಲಚ್ಚುಗಳು. ಎಂಜಿನಿನ 175ಕ್ಕೂ ಗೇರ್‌ಬಾಕ್ಸಿನ 250ಕ್ಕೂ ನಡುವೆ ಇರುವ ಅಂತರವೇ ಅದರ ಆಯುಸ್ಸು. ಆ ಅಂತರವನ್ನು ತಿಂದಷ್ಟೂ ಆಯುಸ್ಸು ಕರಗುತ್ತದೆ. ಪೇಟೆಯ ಗಾಡಿದಟ್ಟಣೆಯಲ್ಲಿ ನಿಂತು ನಿಂತು ತೆವಳುವಾಗಲಂತೂ ಆ ಕ್ಲಚ್ಚುಗಳಿಗೆ ಬಿಡುವೇ ಇರದು.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ವಿಧಿಯು, ತಯಾರಕರು ಗೊತ್ತುಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ, ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ, ಸರ್ವೋಚ್ಚ ನ್ಯಾಯಾಲಯವು ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಟಿಗೂ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದೆಂದು ಸೇರಿಸಿತು. ಹೊಗೆಯನ್ನು ಶುದ್ಧಿಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕಿತ್ತುಹಾಕುವುದು, ಬೀದಿಯೆಲ್ಲ ಬೆಚ್ಚುವಂತೆ ಗುಡುಗುವ ಸೈಲೆನ್ಸರ್ ಹಾಕುವುದು, ಇವೆಲ್ಲ ಕಾನೂನಿಗೂ ನೆರೆಹೊರೆಯವರಿಗೂ ಒಪ್ಪದ ಕೆಲಸಗಳು. ಕೋಷ್ಟಕದ ತಿದ್ದುಪಡಿ ಕಣ್ಣಿಗೆ ಕಾಣುವುದಿಲ್ಲ, ನಿಜ. ಆದರೆ ಅಪಘಾತವಾಗಿ ವಿಮೆಯ ಹಣ ಕೇಳುವ ದಿನ, ತಿಳಿಸದೆ ಮಾಡಿದ ಮಾರ್ಪಾಟು ಬೆಳಕಿಗೆ ಬಂದರೆ ಕೋರಿಕೆ ಬಿದ್ದುಹೋಗಬಹುದು. ಕಾರಿನ ಗ್ಯಾರಂಟಿ ಉಳಿದಿದ್ದರೆ ಅದಕ್ಕೂ ಇದೇ ಗತಿ.

ಹಾಗಾದರೆ ಮಾಡಬಹುದಾದ್ದು ಏನೂ ಇಲ್ಲವೆ? ಬೇಕಾದಷ್ಟಿದೆ, ಆದರೆ ಅದಕ್ಕೊಂದು ಕ್ರಮವಿದೆ. ಮೊದಲನೆಯದು ಎಣ್ಣೆ. ಕೈಪಿಡಿಯಲ್ಲಿ ಹೇಳಿದ ದರ್ಜೆಯ ಎಣ್ಣೆಯನ್ನೇ ಹಾಕಿಸಿ, ಹೇಳಿದ ಅವಧಿಗೆ ಮುಂಚೆಯೇ ಬದಲಾಯಿಸಿ. ಬೆಳಗ್ಗೆ ಎಂಜಿನು ಬೆಚ್ಚಗಾಗುವವರೆಗೆ ಪಾದವನ್ನು ಜೋರಾಗಿ ಒತ್ತಬೇಡಿ. ತಣ್ಣಗಿನ ಎಣ್ಣೆ ಟರ್ಬೊವಿನ ಅಚ್ಚಿಗೆ ಸರಿಯಾಗಿ ರಕ್ಷೆ ಕೊಡದು. ಘಾಟಿ ಹತ್ತಿ ಬಂದು ನಿಂತಾಗ ಥಟ್ಟನೆ ಎಂಜಿನು ಆರಿಸದೆ ಒಂದೆರಡು ನಿಮಿಷ ಸುಮ್ಮನೆ ಓಡಲು ಬಿಡಿ. ಇಲ್ಲವಾದರೆ ಅಚ್ಚಿನಲ್ಲಿ ನಿಂತ ಎಣ್ಣೆ ಬಿಸಿಗೆ ಕರಿಕಟ್ಟುತ್ತದೆ. ಪೆಟ್ರೋಲು ಟ್ಯಾಂಕಿನ ಮುಚ್ಚಳದೊಳಗೆ ಬರೆದಿರುವ ಆಕ್ಟೇನ್ ಸಂಖ್ಯೆಗೆ ಕಡಿಮೆಯಾದ ಪೆಟ್ರೋಲನ್ನು ಎಂದೂ ಹಾಕಿಸಬೇಡಿ.

ಎರಡನೆಯದು ಟೈರು ಮತ್ತು ಬ್ರೇಕು. ಗಂಟೆಗೆ 60 ಕಿಲೋಮೀಟರ್ ವೇಗ 80ಕ್ಕೆ ಏರಿದರೆ, ಏರಿದ್ದು ಮೂರರಲ್ಲೊಂದು ಪಾಲು. ಆದರೆ ಬ್ರೇಕು ನುಂಗಬೇಕಾದ ಶಕ್ತಿ ಮುಕ್ಕಾಲು ಪಾಲಿಗೂ ಹೆಚ್ಚಾಗಿ ಏರುತ್ತದೆ. ಓಡುವ ಬಲಕ್ಕೆ ಹಣ ಹಾಕುವ ಮೊದಲು ನಿಲ್ಲುವ ಬಲಕ್ಕೆ ಹಾಕಬೇಕೆಂಬುದು ಇದರಿಂದಲೇ ತಿಳಿಯುತ್ತದೆ. ಗೊತ್ತುಪಡಿಸಿದ ಅಳತೆಯ ಒಳ್ಳೆಯ ಟೈರು, ಒಳ್ಳೆಯ ಬ್ರೇಕ್ ಪ್ಯಾಡು, ಹಳತಾದ ಬ್ರೇಕ್ ದ್ರವದ ಬದಲಿಗೆ ಹೊಸದು, ಸವೆದ ಶಾಕ್ ಅಬ್ಸಾರ್ಬರುಗಳ ಜಾಗಕ್ಕೆ ಹೊಸವು: ಇಷ್ಟನ್ನೇ ಮಾಡಿಸಿದ ಹಳೆಯ ಪೋಲೋ ಹೊಸ ಪ್ರಾಯ ಬಂದಂತೆ ಓಡುತ್ತದೆ.

ಇಷ್ಟೆಲ್ಲ ಆದ ಮೇಲೂ ವೇಗದ ಹಂಬಲ ತೀರದಿದ್ದರೆ ಅದಕ್ಕೂ ಜಾಗವಿದೆ. ಆದರೆ ಅದು ನೈಸ್ ರಸ್ತೆಯಲ್ಲ, ಮೈಸೂರು ರಸ್ತೆಯೂ ಅಲ್ಲ. ಚೆನ್ನೈ ಹತ್ತಿರದ ಶ್ರೀಪೆರಂಬುದೂರಿನಲ್ಲಿ, ಕೊಯಮತ್ತೂರಿನಲ್ಲಿ ಓಟದ ಪಥಗಳಿವೆ. ನಮ್ಮ ರಾಜ್ಯದಲ್ಲೇ ಕೆ-1000 ಎಂಬ ಹೆಸರಾಂತ ರ‍್ಯಾಲಿ ನಡೆಯುತ್ತ ಬಂದಿದೆ. ಅಂಥ ಸ್ಪರ್ಧೆಯಲ್ಲಿ ಎದುರಿನಿಂದ ಎತ್ತಿನ ಗಾಡಿ ಬರದು, ಶಾಲೆ ಬಿಟ್ಟ ಮಕ್ಕಳು ಅಡ್ಡ ಓಡರು. ಅಲ್ಲಿಗೇ ಮೀಸಲಾದ ಕಾರನ್ನು ನಿಯಮಕ್ಕೆ ಒಳಪಟ್ಟು ತಿದ್ದಿಕೊಳ್ಳುವುದು ಒಂದು ವಿದ್ಯೆ. ಮನೆಯವರನ್ನು ಕೂರಿಸಿಕೊಂಡು ಹೋಗುವ ಕಾರನ್ನು ಅದರೊಡನೆ ಬೆರೆಸಬಾರದು.

ನಿಮ್ಮ ರೇಡಿಯೋದ ದನಿಯ ಗುಂಡಿಯನ್ನೇ ನೋಡಿ. ಅದನ್ನು ಕೊನೆಯವರೆಗೂ ತಿರುಗಿಸಬಹುದು, ಯಾರೂ ತಡೆಯುವುದಿಲ್ಲ. ಆದರೆ ಅಲ್ಲಿಗೆ ಹೋದಾಗ ಹಾಡು ಜೋರಾಗುವುದಿಲ್ಲ, ಒಡೆಯುತ್ತದೆ. ಹಾಡು ಬಲ್ಲವರು ಗುಂಡಿಯನ್ನು ಎಲ್ಲಿ ನಿಲ್ಲಿಸಬೇಕೆಂದು ಅರಿತಿರುತ್ತಾರೆ. ಮಗ ಬಂದು ಹಣ ಕೇಳಿದಾಗ, "ಎಣ್ಣೆ ಬದಲಾಯಿಸಿ ಎಷ್ಟು ದಿನವಾಯಿತು? ಟೈರು ಹೇಗಿದೆ?" ಎಂದು ಕೇಳಿ. ಉತ್ತರ ಕೂಡಲೇ ಬಂದರೆ ಕಾರು ಒಳ್ಳೆಯ ಕೈಯಲ್ಲಿದೆ ಎಂದು ತಿಳಿಯಿರಿ. ಬಾರದಿದ್ದರೆ, ಆ ಹಣ ಮೊದಲು ಹೋಗಬೇಕಾದುದು ಎಲ್ಲಿಗೆಂದು ನಿಮಗೂ ಅವನಿಗೂ ಗೊತ್ತಾದಂತಾಯಿತು.