‘ಹುಳ ಮುಟ್ಟೇತಿ’ ಎಂದರೆ ಯಾವ ಅಂಕಿ?

ಬ್ಯಾಡಗಿಯ ಮೆಣಸಿನಕಾಯಿ ಹೊಲವಿರಲಿ, ರಾಣೆಬೆನ್ನೂರಿನ ಹತ್ತಿ ಹೊಲವಿರಲಿ, ಹಾವು ಕಚ್ಚಿದವರನ್ನು ಹಾವೇರಿಯ ಜಿಲ್ಲಾ ಆಸ್ಪತ್ರೆಗೆ ತರುವ ಮನೆಯವರು ‘ಹಾವು’ ಎಂಬ ಮಾತನ್ನೇ ಎತ್ತದಿರಬಹುದು. ‘ಹುಳ ಮುಟ್ಟೇತಿ’ ಎನ್ನುವುದು ಹಳ್ಳಿಗಳ ರೂಢಿ. ವೈದ್ಯರಿಗೆ ಅದು ತಿಳಿಯುತ್ತದೆ. ದಾಖಲೆ ಬರೆಯುವವರು ಈ ಸೀಮೆಗೆ ಹೊಸಬರಾದರೆ?

ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ 10ನೇ ಆವೃತ್ತಿಯಲ್ಲಿ ಹಾವಿನ ವಿಷಕ್ಕೆ ಟಿ63.0 ಎಂಬ ಸಂಕೇತವಿದೆ. ಚೇಳಿಗೆ ಟಿ63.2, ಕಣಜದಂಥ ಕೀಟಗಳಿಗೆ ಟಿ63.4. ‘ಹುಳ’ವನ್ನು ಅಕ್ಷರಶಃ ಹಿಡಿದರೆ ಲೆಕ್ಕದಲ್ಲಿ ಹಾವು ಕೀಟವಾಗಿಬಿಡುತ್ತದೆ! ಯಾವ ತಾಲ್ಲೂಕಿಗೆ ಎಷ್ಟು ಪ್ರತಿವಿಷ ಬೇಕೆಂದು ಅಂದಾಜಿಸುವವರು ನೋಡಬೇಕಾದದ್ದು ಇಂಥ ಲೆಕ್ಕವನ್ನೇ.

ಈ ಪಟ್ಟಿ ಹುಟ್ಟಿದ್ದು ಸಾವಿನ ಎಣಿಕೆಗಾಗಿ. ಫ್ರಾನ್ಸಿನ ಜಾಕ್ ಬರ್ಟಿಯೋಂ 1893ರಲ್ಲಿ ಮರಣಕಾರಣಗಳ ಪಟ್ಟಿ ಮಂಡಿಸಿದರು. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ವಹಿಸಿಕೊಂಡು ಕಾಯಿಲೆಗಳನ್ನೂ ಸೇರಿಸಿತು. 11ನೇ ಆವೃತ್ತಿ 2022ರ ಜನವರಿ 1ರಂದು ಜಾರಿಗೆ ಬಂತು. ದೇಶಗಳು ತಮ್ಮ ತಮ್ಮ ವೇಗದಲ್ಲಿ ಅದಕ್ಕೆ ಹೊರಳುತ್ತಿವೆ.

ತೊಡಕಿರುವುದು ಈ ಹೊರಳುವಿಕೆಯಲ್ಲೇ. ಹೊಸ ಪಟ್ಟಿಯಲ್ಲಿ ಹಾವಿನ ವಿಷ, ಹತ್ತಿಗೆ ಹೊಡೆಯುವ ಕೀಟನಾಶಕದ ವಿಷ ಎರಡೂ ಎನ್‌ಇ61 ಎಂಬ ಒಂದೇ ಮೂಲ ಸಂಕೇತದಡಿ ಬರುತ್ತವೆ. ಯಾವ ವಿಷವೆಂಬುದನ್ನು ಅದಕ್ಕೆ ಜೋಡಿಸುವ ಇನ್ನೊಂದು ಸಂಕೇತ ಹೇಳಬೇಕು. ಜೋಡಿಸಿದರೆ ಹಳೆಯ ಪಟ್ಟಿಗಿಂತ ಹೆಚ್ಚಿನ ವಿವರ ಸಿಗುತ್ತದೆ. ಅವಸರದಲ್ಲಿ ಬಿಟ್ಟರೆ ‘ವಿಷ’ವೆಂಬುದಷ್ಟೇ ಉಳಿದು, ಹಾವು ಕಡಿತ ದಿಢೀರನೆ ಕಡಿಮೆಯಾದಂತೆ ಕಾಣುತ್ತದೆ.

ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಸಾಲಿಗೆ ಸೇರಿಸಿದೆ. ಖಾಸಗಿ ದವಾಖಾನೆಗಳಿಗೂ ಇದು ಅನ್ವಯಿಸುತ್ತದೆ.